ಅರ್ಧ ಜನ ತಲೆ ಮೇಲೆ ಹೊತ್ತು, ಅರ್ಧ ಜನ ಮುಖ ತಿರುಗಿಸುವ ಎಡಪಂಥೀಯ ನಾಯಕ ಸಾರ್ವತ್ರಿಕ ಚುನಾವಣೆ ಗೆಲ್ಲಬಹುದಾ?

ಸುಂಟಿಕೊಪ್ಪ ಕಡೆಯವ:
ಬ್ರಿಟನ್ನಿನ ಜೆರೆಮಿ ಕಾರ್ಬಿನ್ ಅವರನ್ನೇ ಉದಾಹರಣೆ ಇಟ್ಟುಕೊಂಡು ಕೇಳ್ತಿದ್ದೇನೆ. 2015ರ ಸೆಪ್ಟೆಂಬರ್‌ನಲ್ಲಿ ಲೇಬರ್ ಪಕ್ಷದ ಸದಸ್ಯರು, ಬೆಂಬಲಿಗರು ಸೇರಿ 59.5% ಮತ ಕೊಟ್ಟು ಅವರನ್ನು ನಾಯಕ ಮಾಡಿದ್ರು. ಒಂದು ವರ್ಷ ತುಂಬುವ ಮೊದಲೇ ಅವರದೇ ಪಕ್ಷದ ಸಂಸದರು 172–40ರಲ್ಲಿ ಅವಿಶ್ವಾಸ ತೋರಿಸಿದ್ರು. ಮತ್ತೆ ನಾಯಕತ್ವದ ಚುನಾವಣೆ ನಡೆದಾಗ ಸದಸ್ಯರು 61.8% ಕೊಟ್ಟು ಮೊದಲಿಗಿಂತ ಗಟ್ಟಿಯಾಗಿ ಕೂರಿಸಿದ್ರು. ಇಷ್ಟು ಪ್ರೀತಿ, ಇಷ್ಟು ದ್ವೇಷ ಎರಡೂ ಒಬ್ಬನ ಮೇಲೆ.

ಈಗ ಸಾರ್ವತ್ರಿಕ ಚುನಾವಣೆಯ ಅಂಕಿ ನೋಡಿ. 2017ರಲ್ಲಿ ಕಾರ್ಬಿನ್‌ಗೆ 40.0% ಮತ, 262 ಸೀಟು, ಸೋಲು. 2019ರಲ್ಲಿ 32.1%, 202 ಸೀಟು, ದೊಡ್ಡ ಸೋಲು. 2024ರಲ್ಲಿ ಅದೇ ಪಕ್ಷಕ್ಕೆ ಸ್ಟಾರ್ಮರ್ ನಾಯಕತ್ವದಲ್ಲಿ ಬರೀ 33.7%, ಆದರೆ 411 ಸೀಟು! ಹಾಗಾದ್ರೆ ಜನ ಬೇಡ ಅಂದಿದ್ದು ಕಾರ್ಬಿನ್ ಅವರನ್ನಾ, ಇಲ್ಲ ಲೆಕ್ಕವೇ ಬೇರೆಯಾ? ತಿಳಿದವರು ಬಿಡಿಸಿ ಹೇಳಿ.

ನಾಪೋಕ್ಲು ನೆಲ:
ಗೆಲ್ಲಕ್ಕಾಗಲ್ಲ. 1983ರಲ್ಲಿ ಲೇಬರ್ ನಾಯಕ ಮೈಕೇಲ್ ಫೂಟ್ ಇದೇ ದಾರಿ ಹಿಡಿದು 27.6%ಗೆ ಇಳಿದ್ರು, 209 ಸೀಟು. ಇದಕ್ಕಿಂತ ಸಾಕ್ಷಿ ಬೇಕಾ?

ಕುಶಾಲನಗರ ಮೇಷ್ಟ್ರು:
ನಾಪೋಕ್ಲಿನವರೇ, ಅದೇ 1983ರಲ್ಲಿ ಗೆದ್ದ ಕನ್ಸರ್ವೇಟಿವ್ ಪಕ್ಷದ ಥ್ಯಾಚರ್ ಏನು ಎಲ್ಲರಿಗೂ ಬೇಕಾದವರಾ? ಅರ್ಧ ದೇಶ ಅವರನ್ನು ಕಂಡ್ರೆ ಉರಿದುಬೀಳ್ತಿತ್ತು. 1979ರಲ್ಲಿ 43.9%, 1983ರಲ್ಲಿ 42.4%, 1987ರಲ್ಲಿ 42.2%. ಮೂರು ಸಲವೂ ಬೇಡ ಅಂದವರೇ ಹೆಚ್ಚು, ಮೂರು ಸಲವೂ ಗೆದ್ದರು. 1983ರಲ್ಲಿ ಎದುರಿನ ಮತ ಸರಿಯಾಗಿ ಎರಡು ಪಾಲಾಯ್ತು: ಲೇಬರ್‌ಗೆ 27.6%, ಲಿಬರಲ್ ಮತ್ತು ಎಸ್‌ಡಿಪಿ ಮೈತ್ರಿಕೂಟಕ್ಕೆ 25.4%. ಆ ಮೈತ್ರಿಕೂಟಕ್ಕೆ ಸಿಕ್ಕಿದ್ದು 23 ಸೀಟು. ಥ್ಯಾಚರ್‌ಗೆ 397.

ಅದಕ್ಕೇ ಮತದ ಪ್ರಮಾಣ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು, ಸ್ವಿಂಗ್, ಅಂದ್ರೆ ಒಂದು ಪಕ್ಷದಿಂದ ಇನ್ನೊಂದರ ಕಡೆಗೆ ಮತ ಎಷ್ಟು ವಾಲಿತು ಅನ್ನೋ ಲೆಕ್ಕ, ಹಾಕಿ ನೋಡಬೇಕು. ಲೆಕ್ಕ ಸುಲಭ. ನಿಮ್ಮ ಪಕ್ಷಕ್ಕೆ ಹೋದ ಸಲಕ್ಕಿಂತ ಎಷ್ಟು ಪಾಯಿಂಟ್ ಏರಿತು ಬರೆಯಿರಿ. ಅದರಿಂದ ಎದುರಾಳಿಗೆ ಎಷ್ಟು ಏರಿತು ಅನ್ನೋದನ್ನ ಕಳೆಯಿರಿ. ಉಳಿದದ್ದನ್ನು ಎರಡರಿಂದ ಭಾಗಿಸಿ.

2017: ಲೇಬರ್ 30.4ರಿಂದ 40.0, ಅಂದ್ರೆ 9.6 ಏರಿಕೆ. ಕನ್ಸರ್ವೇಟಿವ್ 36.9ರಿಂದ 42.4, ಅವರದ್ದೂ 5.5 ಏರಿಕೆ. 9.6ರಲ್ಲಿ 5.5 ಕಳೆದು ಅರ್ಧ ಮಾಡಿದ್ರೆ ಸ್ವಿಂಗ್ ಬರೀ 2 ಪಾಯಿಂಟ್. ಸೀಟು 232ರಿಂದ 262ಕ್ಕೆ ಹೋಗಿ ನಿಂತಿತು.

2024: ಲೇಬರ್ 32.1ರಿಂದ 33.7, ಏರಿಕೆ 1.6 ಮಾತ್ರ. ಕನ್ಸರ್ವೇಟಿವ್ 43.6ರಿಂದ 23.7ಕ್ಕೆ ಜಾರಿತು, ಅಂದ್ರೆ 19.9 ಇಳಿಕೆ. ಇಳಿಕೆಯಾದ್ರೆ ಕಳೆಯೋದಲ್ಲ, ಕೂಡಬೇಕು. 1.6ಕ್ಕೆ 19.9 ಕೂಡಿ ಅರ್ಧ ಮಾಡಿ. ಸ್ವಿಂಗ್ ಹತ್ತೂಮುಕ್ಕಾಲು! ಕಾರ್ಬಿನ್ 2017ರಲ್ಲಿ ಸಂಪಾದಿಸಿದ ಏರಿಕೆಯಲ್ಲಿ ಆರನೇ ಒಂದು ಭಾಗ ಸಂಪಾದಿಸಿ ಸ್ಟಾರ್ಮರ್ ಅವರಿಗಿಂತ ಐದು ಪಟ್ಟು ಸ್ವಿಂಗ್ ತಗೊಂಡ್ರು.

ಸುಂಟಿಕೊಪ್ಪ ಕಡೆಯವ:
ಮೇಷ್ಟ್ರೇ, ಈ 1.6 ಮತ್ತೆ 9.6 ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆದ್ರೆ 2017ರಲ್ಲಿ ಕನ್ಸರ್ವೇಟಿವ್‌ಗೂ ಏರಿದ್ದು ಯಾಕೆ? ಆಗಿನ ಪ್ರಧಾನಿ ತೆರೇಸಾ ಮೇ ಪ್ರಚಾರ ಅಷ್ಟು ಕೆಟ್ಟದಾಗಿ ಮಾಡಿದ್ರಲ್ಲ.

ವಿರಾಜಪೇಟೆ ವಾದ:
ಯುರೋಪ್ ಒಕ್ಕೂಟ ಬಿಡಬೇಕು ಅಂತಿದ್ದ ಯುಕಿಪ್ ಪಕ್ಷ ಖಾಲಿಯಾಯ್ತು, ಅದಕ್ಕೆ. 2015ರಲ್ಲಿ 12.6% ಇದ್ದದ್ದು 2017ರಲ್ಲಿ 1.8%. ಬ್ರೆಕ್ಸಿಟ್ (ಒಕ್ಕೂಟ ಬಿಡೋದು) ಜನಮತ ಆಗಿಹೋಗಿತ್ತು, ಆ ಮತದಾರರಲ್ಲಿ ದೊಡ್ಡ ಪಾಲು ಮೇ ಕಡೆ ಬಂತು. 2019ರಲ್ಲಂತೂ ಬ್ರೆಕ್ಸಿಟ್ ಪಾರ್ಟಿ ಕನ್ಸರ್ವೇಟಿವ್ ಗೆದ್ದಿದ್ದ 317 ಕ್ಷೇತ್ರಗಳಲ್ಲಿ ಅಭ್ಯರ್ಥಿಗಳನ್ನೇ ಹಾಕಲಿಲ್ಲ. 2024ರಲ್ಲಿ ತಿರುಗುಮುರುಗು: ರಿಫಾರ್ಮ್ ಪಕ್ಷ ಹೆಚ್ಚುಕಡಿಮೆ ಎಲ್ಲ ಕಡೆ ನಿಂತು 14.3% ತಗೊಂಡು ಬಲಪಂಥದ ಮತ ಸೀಳಿತು. ತನಗೆ ಸಿಕ್ಕಿದ್ದು 5 ಸೀಟು, ಲೇಬರ್‌ಗೆ ಮಾಡಿಕೊಟ್ಟದ್ದು ನೂರಾರು ಸೀಟಿನ ದಾರಿ.

ಹಾಗಾಗಿ ಕಾರ್ಬಿನ್ ಸೋತದ್ದು ಬ್ರೆಕ್ಸಿಟ್‌ನಿಂದ, ಎಡಪಂಥದಿಂದಲ್ಲ.

ಪೊನ್ನಂಪೇಟೆ ಅಕ್ಕ:
ವಾದ ಅವರೇ, ಅರ್ಧ ಒಪ್ತೀನಿ, ಅರ್ಧ ಒಪ್ಪಲ್ಲ. ಬಲಗಡೆಯ ಮತ ಒಟ್ಟಾಗಿದ್ದು ಬ್ರೆಕ್ಸಿಟ್‌ಗೆ ಸರಿ. ಆದ್ರೆ ಅದನ್ನು ಒಟ್ಟಾಗಿ ಹಿಡಿದಿಡೋ ಅಂಟು ಯಾವುದು? “ಆ ಮನುಷ್ಯ ಪ್ರಧಾನಿಯಾಗಬಾರದು” ಅನ್ನೋ ಭಯ. 2019ರ ಸೆಪ್ಟೆಂಬರ್‌ನಲ್ಲಿ ಇಪ್ಸಾಸ್ ಸಮೀಕ್ಷೆಯಲ್ಲಿ ಕಾರ್ಬಿನ್ ಬಗ್ಗೆ ಸಮಾಧಾನ ಇದ್ದವರು 16%, ಅಸಮಾಧಾನ ಇದ್ದವರು 76%. ಕಳೆದ್ರೆ ಮೈನಸ್ 60. ಇಪ್ಸಾಸ್ 1970ರ ದಶಕದಿಂದ ಈ ಪ್ರಶ್ನೆ ಕೇಳ್ತಾ ಬಂದಿದೆ, ಯಾವ ವಿರೋಧಪಕ್ಷದ ನಾಯಕರಿಗೂ ಅಷ್ಟು ಕೆಳಗಿನ ಅಂಕ ಬಂದಿರಲಿಲ್ಲ. ಇದನ್ನು ಬ್ರೆಕ್ಸಿಟ್ ತಲೆಗೇ ಕಟ್ಟಕ್ಕಾಗಲ್ಲ.

ಇನ್ನೊಂದು, ಪ್ರಣಾಳಿಕೆ. 2017ರದ್ದು ನೆನಪಿಡೋ ಹಾಗಿತ್ತು: ವರ್ಷಕ್ಕೆ 9,000 ಪೌಂಡ್ ದಾಟಿದ್ದ ಕಾಲೇಜು ಶುಲ್ಕ ರದ್ದು, ರೈಲು, ನೀರು, ಅಂಚೆ ಸರ್ಕಾರದ ಕೈಗೆ, 80,000 ಪೌಂಡ್‌ಗಿಂತ ಹೆಚ್ಚು ಆದಾಯ ಇದ್ದವರಿಗೆ ಮಾತ್ರ ಆದಾಯ ತೆರಿಗೆ ಹೆಚ್ಚಳ. ಬಾಗಿಲಿಗೆ ಬಂದ ಕಾರ್ಯಕರ್ತ ಮೂರು ಮಾತಲ್ಲಿ ಹೇಳಿ ಮುಂದಿನ ಮನೆಗೆ ಹೋಗಬಹುದು. 2019ರಲ್ಲಿ ಅದರ ಮೇಲೆ ಎಲ್ಲರಿಗೂ ಪುಕ್ಕಟೆ ಬ್ರಾಡ್‌ಬ್ಯಾಂಡ್, ಹತ್ತು ವರ್ಷದಲ್ಲಿ ವಾರಕ್ಕೆ 32 ಗಂಟೆ ಕೆಲಸ, ಬ್ರೆಕ್ಸಿಟ್ ಮೇಲೆ ಎರಡನೇ ಜನಮತ, ಎಲ್ಲ ಪೇರಿಸಿದ್ರು. ಖರ್ಚಿನ ಲೆಕ್ಕದ ಪುಸ್ತಕ ಹೊರಗೆ ಬಂದ ಮೇಲೆ, ಪಿಂಚಣಿ ವಯಸ್ಸು ಏರಿದ್ದರಿಂದ ಕಷ್ಟಕ್ಕೆ ಬಿದ್ದ ಹೆಂಗಸರಿಗೆ 58 ಶತಕೋಟಿ ಪೌಂಡ್ ಕೊಡ್ತೀವಿ ಅಂದ್ರು. ಆ ಹೆಂಗಸರ ಬೇಡಿಕೆ ನ್ಯಾಯವಾದದ್ದೇ. ಆದ್ರೆ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಹಣ ಎಲ್ಲಿಂದ ಅಂತ ಕೇಳಿದ್ರೆ ಕಾರ್ಯಕರ್ತ ಏನು ಹೇಳಬೇಕು? ಒಂದೊಂದು ಭರವಸೆಯೂ ಜನಕ್ಕೆ ಹಿಡಿಸ್ತು, ಒಟ್ಟು ಮೂಟೆಯನ್ನ ಯಾರೂ ನಂಬಲಿಲ್ಲ.

ಶನಿವಾರಸಂತೆ ಮೆಣಸು:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ.

ಗೋಣಿಕೊಪ್ಪ ರೊಬಸ್ಟಾ:
ಮತ ಎಷ್ಟು ಅನ್ನೋದಕ್ಕಿಂತ ಎಲ್ಲಿ ಬಿತ್ತು ಅನ್ನೋದು ಮುಖ್ಯ. ನಮ್ಮಲ್ಲಿ ವರ್ಷಕ್ಕೆ ನೂರು ಇಂಚು ಮಳೆ ಬಂದ್ರೂ ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಒಂದು ಇಂಚಾದ್ರೂ ಆಗದಿದ್ರೆ, ಅದಾಗಿ ಎರಡು-ಮೂರು ವಾರಕ್ಕೆ ಬ್ಯಾಕಿಂಗ್ (ಎರಡನೇ ಮಳೆ) ಬರದಿದ್ರೆ ರೊಬಸ್ಟಾ ಕಾಫಿ ಕಾಯಿ ಕಚ್ಚಲ್ಲ. ಜುಲೈನಲ್ಲಿ ಸುರಿದದ್ದು ಹೊಳೆಗೆ ಹೋಯ್ತು. ಕಾರ್ಬಿನ್‌ಗೆ ಮತ ಸುರಿದದ್ದು ಲಂಡನ್, ಲಿವರ್‌ಪೂಲ್, ವಿಶ್ವವಿದ್ಯಾಲಯದ ಊರುಗಳಲ್ಲಿ. ಮೊದಲೇ ಗೆದ್ದಿದ್ದ ಕ್ಷೇತ್ರದಲ್ಲಿ ಅಂತರ 20,000 ಇದ್ದದ್ದು 30,000 ಆದ್ರೆ ಸೀಟು ಒಂದೇ ತಾನೇ? ಅದೇ ಹೊತ್ತಿಗೆ ಹಳೇ ಗಣಿ ಊರುಗಳಲ್ಲಿ ಒಣಗ್ತಾ ಬಂತು. 2017ರಲ್ಲೇ ಮ್ಯಾನ್ಸ್‌ಫೀಲ್ಡ್ ಹೋಯ್ತು, 2019ರಲ್ಲಿ ಬೋಲ್ಸೋವರ್, ಸೆಜ್‌ಫೀಲ್ಡ್. ಸೆಜ್‌ಫೀಲ್ಡ್ ಅಂದ್ರೆ ಲೇಬರ್‌ನ ಹಿಂದಿನ ಪ್ರಧಾನಿ ಟೋನಿ ಬ್ಲೇರ್ ಪ್ರತಿನಿಧಿಸಿದ್ದ ಕ್ಷೇತ್ರ!

ವಿರಾಜಪೇಟೆ ವಾದ:
ಒಂದೇ ಕ್ಷೇತ್ರ ಹತ್ತಿರದಿಂದ ನೋಡೋಣ: ಕೆನ್ಸಿಂಗ್ಟನ್. ಲಂಡನ್ನಿನ ಭಾರೀ ಶ್ರೀಮಂತರ ಜಾಗ, ಅದೇ ಕ್ಷೇತ್ರದ ಉತ್ತರಕ್ಕೆ ಬಡವರ ವಸತಿ ಕಟ್ಟಡಗಳು. ಅಲ್ಲಿ ಇವಿಎಂ ಇಲ್ಲ, ಕಾಗದದ ಮತಪತ್ರ, ಪೆನ್ಸಿಲ್‌ನಲ್ಲಿ ಕತ್ತರಿ ಗುರುತು. 2017ರ ಜೂನ್ 8ರ ರಾತ್ರಿ ಎಣಿಕೆ ಶುರು ಮಾಡಿದ್ರು. ಅಂತರ ತೀರಾ ಕಡಿಮೆ ಅಂತ ಮರುಎಣಿಕೆ, ಮತ್ತೆ ಮರುಎಣಿಕೆ. ಶುಕ್ರವಾರ ಬೆಳಗಾದ್ರೂ ಮುಗೀಲಿಲ್ಲ, ಎಣಿಸುವವರು ಸುಸ್ತಾಗಿದ್ದಕ್ಕೆ ಮನೆಗೆ ಕಳಿಸಿ ಸಂಜೆ ಮತ್ತೆ ಕೂರಿಸಿದ್ರು. ಕೊನೆಗೆ ಲೇಬರ್ 16,333, ಕನ್ಸರ್ವೇಟಿವ್ 16,313. ಇಪ್ಪತ್ತು ಮತದ ಗೆಲುವು. ಇಡೀ ದೇಶದ 650 ಕ್ಷೇತ್ರದಲ್ಲಿ ಕೊನೆಗೆ ಬಂದ ಫಲಿತಾಂಶ ಅದು.

2019ರಲ್ಲಿ ಅದೇ ಕ್ಷೇತ್ರ: ಲೇಬರ್ 16,618. ಅಂದ್ರೆ ಮತ 285 ಜಾಸ್ತಿಯಾಯ್ತು! ಆದ್ರೆ ಕನ್ಸರ್ವೇಟಿವ್ 16,768. ಲೇಬರ್ 150 ಮತದಲ್ಲಿ ಸೋತಿತು. ಲಿಬರಲ್ ಡೆಮಾಕ್ರಾಟ್‌ಗೆ 4,724 ಇದ್ದದ್ದು 9,312 ಆಯ್ತು. ಬ್ರೆಕ್ಸಿಟ್ ಬೇಡ ಅಂದವರೇ ಎರಡು ಗುಂಪಾಗಿ, ಬ್ರೆಕ್ಸಿಟ್ ಬೇಕು ಅಂದ ಪಕ್ಷವನ್ನು ಕಳಿಸಿಕೊಟ್ರು. ಆ 9,312ರಲ್ಲಿ 151 ಜನ ಲೇಬರ್ ಕಡೆ ಬಂದಿದ್ರೂ ಸಾಕಿತ್ತು.

ಪೊನ್ನಂಪೇಟೆ ಅಕ್ಕ:
ಆ 151 ಜನ ಬರಲಿಲ್ಲ ಯಾಕೆ, ಅದನ್ನೂ ಕೇಳಿ. ಕನ್ಸರ್ವೇಟಿವ್ ಬೇಡ, ಆದ್ರೆ ಕಾರ್ಬಿನ್ ಕೂಡ ಬೇಡ ಅಂದವರು ಅವರು. ಎರಡನೇ ಆಯ್ಕೆಯಾಗಿ ಕೂಡ ಒಪ್ಪಿಗೆ ಆಗದ ನಾಯಕ ಇದ್ರೆ ಪಕ್ಷಕ್ಕೆ ಆಗೋ ನಷ್ಟ ಇದೇ. ಯಹೂದಿ ದ್ವೇಷದ ದೂರುಗಳನ್ನು ಪಕ್ಷ ನಿಭಾಯಿಸಿದ ರೀತಿಯೂ ಇಂಥ ಮಧ್ಯಮ ಮತದಾರರನ್ನೇ ದೂರ ಮಾಡ್ತು. ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ 2020ರ ಅಕ್ಟೋಬರ್‌ನಲ್ಲಿ ಪಕ್ಷ ಕಾನೂನು ಮೀರಿದೆ ಅಂತಲೇ ಹೇಳಿತು. ಅದು ಪತ್ರಿಕೆಯವರು ಕಟ್ಟಿದ ಕಥೆ ಅಂತ ತಳ್ಳಿಹಾಕಬಾರದು.

ನಾಪೋಕ್ಲು ನೆಲ:
ಅದನ್ನೇ ನಾನು ಮೊದಲ ಸಾಲಲ್ಲಿ ಹೇಳಿದ್ದು. ಗೆಲ್ಲಕ್ಕಾಗಲ್ಲ.

ಕುಟ್ಟ ಗಡಿ:
ನಾಪೋಕ್ಲು ಅಣ್ಣ, ಅಷ್ಟು ದೂರ ಯಾಕೆ, ಮಾಕುಟ್ಟ ಘಾಟಿ ಇಳಿದ್ರೆ ಕೇರಳ. 1957ರಲ್ಲಿ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡ್ ಗೆಲ್ಲಲಿಲ್ವಾ? ಎಡಪಂಥ, ಜನರನ್ನು ಇಬ್ಭಾಗ ಮಾಡಿದ ಪಕ್ಷ, ಬ್ಯಾಲೆಟ್‌ನಲ್ಲೇ ಗೆದ್ದದ್ದು.

ಕುಶಾಲನಗರ ಮೇಷ್ಟ್ರು:
ಕುಟ್ಟದವರು ಒಳ್ಳೇ ಉದಾಹರಣೆ ತಂದ್ರು. ಅದರ ಎರಡನೇ ಭಾಗವನ್ನೂ ಹೇಳಲೇಬೇಕು. 1957ರಲ್ಲಿ 126 ಸ್ಥಾನದಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ 60, ಜೊತೆಗೆ ಅವರು ಬೆಂಬಲಿಸಿದ 5 ಪಕ್ಷೇತರರು. ಮತ ಎಷ್ಟು ಗೊತ್ತಾ? ಸುಮಾರು 35%. ಕಾಂಗ್ರೆಸ್‌ಗೆ ಸುಮಾರು 38%, ಆದ್ರೆ 43 ಸೀಟು. ಕಾಂಗ್ರೆಸ್, ಪಿಎಸ್‌ಪಿ (ಪ್ರಜಾ ಸೋಷಿಯಲಿಸ್ಟ್ ಪಾರ್ಟಿ), ಮುಸ್ಲಿಂ ಲೀಗ್ ಮೂರೂ ಒಟ್ಟಾಗದೆ ನಿಂತಿದ್ದರಿಂದ ಕೆಂಪು ಬಾವುಟ ಮೇಲೆ ಬಂತು.

ಆಮೇಲೆ ಭೂಸುಧಾರಣೆ, ಶಿಕ್ಷಣ ಮಸೂದೆ, ಸರ್ಕಾರದ ವಿರುದ್ಧ ‘ವಿಮೋಚನ ಸಮರ’ ಅನ್ನೋ ಚಳವಳಿ, 1959ರ ಜುಲೈ 31ಕ್ಕೆ ಸರ್ಕಾರ ವಜಾ. 1960ರಲ್ಲಿ ಮತ್ತೆ ಚುನಾವಣೆ. ಕಮ್ಯುನಿಸ್ಟರ ಮತ 39%ಗೆ ಏರಿತು. ಸೀಟು? 29! ಆ ಮೂರೂ ಪಕ್ಷಗಳು ಈ ಸಲ ಕ್ಷೇತ್ರ ಹಂಚಿಕೊಂಡು ನಿಂತಿದ್ವು, ಅಷ್ಟೇ ವ್ಯತ್ಯಾಸ. ಮತ ಏರಿ ಸೀಟು ಅರ್ಧಕ್ಕೂ ಕಡಿಮೆ. ಕಾರ್ಬಿನ್ ಸಮಸ್ಯೆ ಕಣ್ಣೂರಿನ ಪಕ್ಕದಲ್ಲೇ ಅರವತ್ತು ವರ್ಷ ಮೊದಲೇ ಆಗಿತ್ತು.

ಗೋಣಿಕೊಪ್ಪ ರೊಬಸ್ಟಾ:
ಮೇಷ್ಟ್ರೇ, ಇದು ಗೊತ್ತಿರಲಿಲ್ಲ. 35ಕ್ಕೆ 60, 39ಕ್ಕೆ 29. ಸಾರ್ವತ್ರಿಕ ಚುನಾವಣೆ ಪಾಠ ಮಾಡಕ್ಕೆ ಇದೊಂದೇ ಸಾಕು.

ಮಡಿಕೇರಿ ಮಂಜು:
ಸ್ವಲ್ಪ ಬೇರೆ ಕಡೆ ಹೋಗ್ತೀನಿ, ಬೈಬೇಡಿ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ 1952ರ ಚುನಾವಣೆಯೂ ಹೀಗೇ ಒಂದೇ ಪ್ರಶ್ನೆ ಮೇಲೆ ಇಬ್ಭಾಗ ಆಗಿತ್ತು, ಮೈಸೂರಿಗೆ ಸೇರಬೇಕಾ ಬೇಡವಾ ಅಂತ. 24 ಸ್ಥಾನದಲ್ಲಿ ಕಾಂಗ್ರೆಸ್ 15, ಉಳಿದ 9 ಪಕ್ಷೇತರರಿಗೆ. ತಕ್ಕಡಿ ಗುರುತಿನವರು ಅಂತ ಹಿರಿಯರು ಈಗಲೂ ಹೇಳ್ತಾರೆ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆದ್ರು. ಜನ ಇಬ್ಭಾಗ ಆದ ಮಾತ್ರಕ್ಕೆ ಯಾರೂ ಗೆಲ್ಲಲ್ಲ ಅಂತಿಲ್ಲ, ಒಬ್ಬರು ಗೆದ್ದೇ ಗೆಲ್ತಾರೆ.

ಈಗಿನದ್ದೂ ನೋಡಿ. 2023ರಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಕಡೆ ಗೆಲುವಿನ ಅಂತರ ನಾಲ್ಕು ಸಾವಿರದ ಚಿಲ್ಲರೆ. ಎರಡು ಸಾವಿರದ ಚಿಲ್ಲರೆ ಜನ ಈ ಕಡೆಯಿಂದ ಆ ಕಡೆ ಹೋಗಿದ್ರೆ ಫಲಿತಾಂಶ ಬೇರೆ.

ಶನಿವಾರಸಂತೆ ಮೆಣಸು:
ಇಲ್ಲಿನ ರಾಜಕೀಯ ಶುರು ಮಾಡಿದ್ರೆ ಈ ಚರ್ಚೆ ಇವತ್ತು ಮುಗಿಯಲ್ಲ ಮಾರಾಯ್ರೇ. ಕಾರ್ಬಿನ್‌ಗೆ ವಾಪಸ್ ಬನ್ನಿ. 2017ರಲ್ಲಿ ಇನ್ನು ಕೆಲವೇ ಸೀಟು ಸಿಕ್ಕಿದ್ರೆ ಪ್ರಧಾನಿ ಆಗ್ತಿದ್ರು ಅಂತಾರಲ್ಲ, ನಿಜವಾ?

ವಿರಾಜಪೇಟೆ ವಾದ:
ಕೂಡಿ ನೋಡಿ. ಕನ್ಸರ್ವೇಟಿವ್ 317, ಬೆಂಬಲ ಕೊಟ್ಟ ಉತ್ತರ ಐರ್ಲೆಂಡಿನ ಡಿಯುಪಿ 10, ಒಟ್ಟು 327. ಈ ಕಡೆ ಲೇಬರ್ 262, ಸ್ಕಾಟಿಷ್ ನ್ಯಾಷನಲ್ ಪಾರ್ಟಿ 35, ಲಿಬರಲ್ ಡೆಮಾಕ್ರಾಟ್ 12, ವೇಲ್ಸ್‌ನ ಪ್ಲೈಡ್ ಕಮ್ರಿ 4, ಗ್ರೀನ್ 1. ಒಟ್ಟು 314. ಏಳು ಸೀಟು ಕನ್ಸರ್ವೇಟಿವ್‌ನಿಂದ ಲೇಬರ್‌ಗೆ ಬಂದಿದ್ರೆ 320 ಮತ್ತು 321. ಉತ್ತರ ಐರ್ಲೆಂಡಿನ ಸಿನ್ ಫೇನ್ ಪಕ್ಷದ 7 ಜನ ಗೆದ್ರೂ ಸದನಕ್ಕೆ ಬರಲ್ಲ, ಹಾಗಾಗಿ ಬಹುಮತದ 326 ಪೂರ್ತಿ ಬೇಕಾಗಿರಲಿಲ್ಲ. ಕಾಗದದ ಮೇಲೆ ಸಾಧ್ಯವಿತ್ತು.

ಪೊನ್ನಂಪೇಟೆ ಅಕ್ಕ:
ಕಾಗದದ ಮೇಲೆ ಮಾತ್ರ. ಐದು ಪಕ್ಷ ಒಂದೂ ತಪ್ಪದೆ ಕೈ ಎತ್ತಬೇಕು, ಲಿಬರಲ್ ಡೆಮಾಕ್ರಾಟರು ಯಾರ ಜೊತೆಗೂ ಮೈತ್ರಿ ಇಲ್ಲ ಅಂತ ಮೊದಲೇ ಹೇಳಿದ್ರು. ಮತ್ತೆ ಲೇಬರ್‌ನ 262ರಲ್ಲೇ ಹಿಂದಿನ ವರ್ಷ ಅವಿಶ್ವಾಸ ಹಾಕಿದವರು ಎಷ್ಟು ಜನ? ಸಂಸದೀಯ ಪದ್ಧತಿಯಲ್ಲಿ ಪ್ರಧಾನಿ ಮಾಡೋದು ಪಕ್ಷದ ಸದಸ್ಯರಲ್ಲ, ಸದನದಲ್ಲಿ ಕೂತವರು. 2019ರ ಫೆಬ್ರವರಿಯಲ್ಲಿ ಏಳು ಸಂಸದರು ಪಕ್ಷ ಬಿಟ್ಟೇ ಹೋದ್ರು. ತನ್ನ ಹಿಂದಿನ ಬೆಂಚೇ ಗಟ್ಟಿ ಇಲ್ಲದವನನ್ನು ಎದುರಿನವರು ಯಾಕೆ ನಂಬ್ತಾರೆ?

ಕುಟ್ಟ ಗಡಿ:
ಹಾಗಾದ್ರೆ ಬ್ರೆಜಿಲ್‌ನ ಲೂಲಾ? ಅವರನ್ನೂ ಕಂಡ್ರೆ ಆಗದವರು ಕೋಟಿಗಟ್ಟಲೆ ಇದ್ದಾರೆ. ಗೆದ್ದಿದ್ದು ಮೂರು ಸಲ.

ಕುಶಾಲನಗರ ಮೇಷ್ಟ್ರು:
ಗೆಲ್ಲೋ ಮೊದಲು ಸೋತದ್ದೂ ಮೂರು ಸಲ: 1989, 1994, 1998. 2002ರಲ್ಲಿ ಏನು ಬದಲಾಯಿಸಿದ್ರು ಅನ್ನೋದೇ ಈ ಪ್ರಶ್ನೆಗೆ ಬೇಕಾದ ಉತ್ತರ. ಒಂದು, ಉಪಾಧ್ಯಕ್ಷ ಸ್ಥಾನಕ್ಕೆ ಜವಳಿ ಉದ್ಯಮಿ ಜೋಸೆ ಅಲೆಂಕಾರ್ ಅವರನ್ನು ತಂದ್ರು. ಎರಡು, ಜೂನ್‌ನಲ್ಲಿ ದೇಶದ ಜನರಿಗೆ ಬಹಿರಂಗ ಪತ್ರ ಬರೆದು ಇರುವ ಒಪ್ಪಂದಗಳನ್ನು ಸರ್ಕಾರ ಗೌರವಿಸುತ್ತೆ ಅಂದ್ರು. ಬಡವರಿಗೆ ಕೊಟ್ಟ ಮಾತು ಬಿಡಲಿಲ್ಲ, ಬೇರೆಯವರ ಭಯ ಇಳಿಸಿದ್ರು. ಎರಡನೇ ಸುತ್ತಲ್ಲಿ 61.3%. 2022ರಲ್ಲಿ ಮತ್ತೆ ಅದೇ ಉಪಾಯ: 2006ರಲ್ಲಿ ತನ್ನ ವಿರುದ್ಧವೇ ನಿಂತಿದ್ದ ಆಲ್ಕ್‌ಮಿನ್ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿ ಮಾಡಿ 50.9%ರಲ್ಲಿ ಬೊಲ್ಸೊನಾರೊ ಅವರನ್ನು ಸೋಲಿಸಿದ್ರು.

ಅಲ್ಲಿ ಎರಡು ಸುತ್ತಿನ ಪದ್ಧತಿ ಅನ್ನೋದು ಮರೀಬೇಡಿ. ಕೊನೆಗೆ ಇಬ್ಬರೇ ಉಳಿಯೋದರಿಂದ ಎದುರಿನ ಮತ ಒಡೆಯೋ ಅವಕಾಶವೇ ಇಲ್ಲ, ಐವತ್ತು ದಾಟಲೇಬೇಕು. ಬ್ರಿಟನ್ ಮತ್ತು ನಮ್ಮ ಪದ್ಧತಿಯಲ್ಲಿ 34ಕ್ಕೂ ಗೆಲ್ಲಬಹುದು, 40ಕ್ಕೂ ಸೋಲಬಹುದು.

ಮಡಿಕೇರಿ ಮಂಜು:
ಫ್ರಾನ್ಸ್‌ನಲ್ಲಿ ಎಡಪಂಥೀಯ ಮೆಲಾಂಶೋನ್ ಕಥೆ ಇದಕ್ಕೆ ಉಲ್ಟಾ. 2022ರ ಮೊದಲ ಸುತ್ತಲ್ಲಿ ಅವರಿಗೆ 21.95%, ಬಲಪಂಥದ ಲೆ ಪೆನ್‌ಗೆ 23.15%. ನಾಲ್ಕು ಲಕ್ಷದ ಚಿಲ್ಲರೆ ಮತದಲ್ಲಿ ಎರಡನೇ ಸುತ್ತು ತಪ್ಪಿತು. ಕಮ್ಯುನಿಸ್ಟ್ ಅಭ್ಯರ್ಥಿ ರೂಸೆಲ್ ಒಬ್ಬರೇ ಎಂಟು ಲಕ್ಷ ತಗೊಂಡಿದ್ರು. ಎಡಗಡೆಯವರು ಮನೆಯೊಳಗಿನ ಜಗಳ ಮುಗಿಸದೆ ಬೀದಿಗೆ ಬಂದ್ರೆ ಹೀಗೇ.

ಶನಿವಾರಸಂತೆ ಮೆಣಸು:
ನ್ಯೂಯಾರ್ಕ್‌ನಲ್ಲಿ ಎಡಪಂಥೀಯ ಮಮ್ದಾನಿ 2025ರಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ತಗೊಂಡು ಗೆದ್ರಲ್ಲ?

ಗೋಣಿಕೊಪ್ಪ ರೊಬಸ್ಟಾ:
ಅದು ನಗರದ ಮೇಯರ್ ಚುನಾವಣೆ. ಬಾಡಿಗೆ ಮನೆಯವರೇ ತುಂಬಿರುವ ಒಂದು ಊರು. ಮ್ಯಾನ್ಸ್‌ಫೀಲ್ಡ್ ಥರದ ಗಣಿ ಊರು ಅದರೊಳಗೆ ಬರಲ್ಲ. ಕಾರ್ಬಿನ್ ಕೂಡ ಇಸ್ಲಿಂಗ್ಟನ್ ನಾರ್ತ್‌ನಲ್ಲಿ 2024ರಲ್ಲಿ ಪಕ್ಷೇತರರಾಗಿ ನಿಂತು 24,120 ಮತ ತಗೊಂಡು ಲೇಬರ್ ಅಭ್ಯರ್ಥಿಯನ್ನೇ 7,247 ಮತದಿಂದ ಸೋಲಿಸಿದ್ರು. ತನ್ನ ಬೀದಿಯಲ್ಲಿ ಗೆಲ್ಲೋದು ಬೇರೆ, 326 ಕ್ಷೇತ್ರ ಬೇರೆ.

ಸುಂಟಿಕೊಪ್ಪ ಕಡೆಯವ:
ಇಷ್ಟು ಓದಿದ ಮೇಲೆ ನನಗೆ ಅನ್ನಿಸ್ತಿರೋದು: ನಾಯಕನ ಮೇಲೆ ಪ್ರೀತಿ ಎಷ್ಟು ಅಂತ ಅಳೆಯೋದಕ್ಕಿಂತ, ಅವನು ಬೇಡ ಅನ್ನೋರು ಒಂದೇ ಚಿಹ್ನೆಗೆ ಒತ್ತುತ್ತಾರಾ, ಎರಡು-ಮೂರು ಚಿಹ್ನೆಗೆ ಹಂಚಿಹೋಗ್ತಾರಾ ಅಂತ ನೋಡಬೇಕು. ಸರಿನಾ ಮೇಷ್ಟ್ರೇ?

ಕುಶಾಲನಗರ ಮೇಷ್ಟ್ರು:
ಸರಿ, ಜೊತೆಗೆ ಅಕ್ಕ ಹೇಳಿದ್ದನ್ನೂ ಸೇರಿಸಿ. ಆ ಹಂಚಿಹೋಗೋದು ಆಕಾಶದಿಂದ ಬೀಳಲ್ಲ. ಭಯ ಹುಟ್ಟಿಸಿದ್ರೆ ಒಟ್ಟಾಗ್ತಾರೆ, ಭಯ ಇಳಿಸಿದ್ರೆ ಅವರವರ ದಾರಿಗೆ ಹೋಗ್ತಾರೆ. ಲೂಲಾ ಅದನ್ನು ಕಲಿಯಕ್ಕೆ ಹದಿಮೂರು ವರ್ಷ ಹಿಡೀತು.

ನಾಪೋಕ್ಲು ನೆಲ:
ಮೇಷ್ಟ್ರೇ, “ಗೆಲ್ಲಕ್ಕಾಗಲ್ಲ” ಅಂದದ್ದನ್ನು ವಾಪಸ್ ತಗೊಳ್ತೀನಿ. ಥ್ಯಾಚರ್ ಲೆಕ್ಕ ನೋಡಿದ ಮೇಲೆ ಹಾಗೆ ಹೇಳೋದು ತಪ್ಪು. ಆದ್ರೆ ಕಾರ್ಬಿನ್‌ಗೆ ಆಗ್ತಿರಲಿಲ್ಲ ಅನ್ನೋದು ಈಗಲೂ ನನ್ನ ಮಾತು. 2025ರಲ್ಲಿ ಹೊಸ ಪಕ್ಷ ಬೇರೆ ಶುರು ಮಾಡಿದ್ರು. ಎಡಗಡೆ ಈಗ ಲೇಬರ್, ಗ್ರೀನ್, ಇವರದ್ದು. ಇವರ ಮತವೇ ಮೂರು ಪಾಲು.

ವಿರಾಜಪೇಟೆ ವಾದ:
ಬಲಗಡೆಯೂ ಕನ್ಸರ್ವೇಟಿವ್, ರಿಫಾರ್ಮ್ ಅಂತ ಎರಡು ಪಾಲು ಇದೆ ಅಲ್ವಾ ಅಣ್ಣ. ಯಾವ ಕಡೆ ಮೊದಲು ಹೊಂದಾಣಿಕೆ ಮಾಡಿಕೊಳ್ತಾರೋ ಅವರಿಗೆ.

ಗೋಣಿಕೊಪ್ಪ ರೊಬಸ್ಟಾ:
2024ರಲ್ಲಿ ಆ ಕೆನ್ಸಿಂಗ್ಟನ್ ಏನಾಯ್ತು?

ವಿರಾಜಪೇಟೆ ವಾದ:
ಗಡಿ ಬದಲಾಗಿ ಕೆನ್ಸಿಂಗ್ಟನ್ ಅಂಡ್ ಬೇಸ್‌ವಾಟರ್ ಆಯ್ತು. ಲೇಬರ್ ಗೆದ್ದಿತು, ಈ ಸಲ ಸಂಜೆಗೆ ಮತ್ತೆ ಕೂತು ಎಣಿಸೋ ಕೆಲಸ ಬೀಳಲಿಲ್ಲ.